ನೀವು ಕೇಳಿದ್ದು: ಅಮೆರಿಕದಲ್ಲಿ ಎಣ್ಣೆ ಬಂದ್ ಆದದ್ದು, ಮತ್ತೆ ಶುರುವಾದದ್ದು

ಹೋದ ಸಂಚಿಕೆಯಲ್ಲಿ ಬಿಹಾರದ ಪಾನನಿಷೇಧದ ಬಗ್ಗೆ ಬರೆಯುವಾಗ ಅಮೆರಿಕದ ಹೆಸರು ಒಂದು ಸಲ ಬಂದಿತ್ತು. ಅಷ್ಟಕ್ಕೇ ಇಷ್ಟೊಂದು ಪತ್ರ! ಹಾಗಾಗಿ ಈ ಸಲ ಅದೊಂದೇ ವಿಷಯ. ಸಿನಿಮಾ, ಕ್ರಿಕೆಟ್ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೂ ಕಾಯಿರಿ.

*ಸಾರ್, ಅಮೆರಿಕದಲ್ಲಿ ಒಂದು ಕಾಲಕ್ಕೆ ಇಡೀ ದೇಶಕ್ಕೇ ಮದ್ಯ ಬಂದ್ ಆಗಿತ್ತಂತೆ. ಜನ ಅದಕ್ಕೆ ಒಪ್ಪಿದ್ದಾದರೂ ಹೇಗೆ?*
– ನಿವೃತ್ತ ಬ್ಯಾಂಕ್ ನೌಕರರು, ಬಸವನಗುಡಿ

ಆಗಿತ್ತು ಸಾರ್. 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ. ಅದೂ ಸುಮ್ನೆ ಒಂದು ಕಾಯ್ದೆ ಅಲ್ಲ, ಸಂವಿಧಾನಕ್ಕೇ 18ನೇ ತಿದ್ದುಪಡಿ.

ಇದಕ್ಕೆ ಮೊದಲು ಬೀದಿಗಿಳಿದವರು ಹೆಂಗಸರು. ಕೂಲಿ ಕೈಗೆ ಬಂದ ದಿನ ಗಂಡಸರು ನೇರ ಎಣ್ಣೆ ಅಂಗಡಿಗೆ ಹೋಗುತ್ತಿದ್ದರು, ಮನೆಗೆ ಬರುವ ಹೊತ್ತಿಗೆ ಜೇಬು ಖಾಲಿ. ಹೆಂಡತಿ ಯಾರಿಗೆ ಹೇಳಿಕೊಳ್ಳಬೇಕು? ಹೆಚ್ಚಿನ ಕಡೆ ಅವಳಿಗೆ ವೋಟೂ ಇರಲಿಲ್ಲ. 1874ರಲ್ಲಿ ಕ್ರೈಸ್ತ ಮಹಿಳೆಯರ ಪಾನವಿರೋಧಿ ಸಂಘ ಹುಟ್ಟಿತು. ಕ್ಯಾನ್ಸಸ್‌ನಲ್ಲಿ ಕ್ಯಾರಿ ನೇಷನ್ ಅನ್ನುವವರು ಕೈಗೊಡಲಿ ಹಿಡಿದು ಅಂಗಡಿಗೇ ನುಗ್ಗಿ ಬಾಟಲಿ, ಕನ್ನಡಿ ಎಲ್ಲ ಪುಡಿ ಮಾಡುತ್ತಿದ್ದರು. 1990ರ ದಶಕದ ಶುರುವಿನಲ್ಲಿ ನೆಲ್ಲೂರು ಕಡೆಯ ಹಳ್ಳಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ್ದು ನಿಮಗೆ ನೆನಪಿರಬೇಕು. ಸಿಟ್ಟು ಅದೇ.

ಸಿಟ್ಟೊಂದೇ ಇದ್ದರೆ ಕಾನೂನು ಆಗಲ್ಲ, ವೋಟಿನ ಲೆಕ್ಕ ಗೊತ್ತಿರಬೇಕು. ಅದು ಗೊತ್ತಿದ್ದದ್ದು 1893ರಲ್ಲಿ ಓಹಾಯೋದಲ್ಲಿ ಶುರುವಾದ ಆಂಟಿ ಸಲೂನ್ ಲೀಗ್‌ಗೆ (ಸಲೂನ್ ಅಂದರೆ ಅಲ್ಲಿ ಎಣ್ಣೆ ಅಂಗಡಿ), ಅದರ ವಕೀಲ ವೇಯ್ನ್ ವೀಲರ್‌ಗೆ. ಇವರು ಪಕ್ಷ ನೋಡುತ್ತಿರಲಿಲ್ಲ. ಎಣ್ಣೆ ವಿರುದ್ಧ ಕೈ ಎತ್ತುವವನಿಗೆ ಇವರ ವೋಟು, ಅವನು ಮನೆಯಲ್ಲಿ ಕುಡಿಯುತ್ತಾನೋ ಬಿಡುತ್ತಾನೋ ಇವರಿಗೆ ಬೇಕಿರಲಿಲ್ಲ.

ಬ್ಯಾಂಕಿನಲ್ಲಿದ್ದವರು ನೀವು, ಇನ್ನೊಂದು ವಿಷಯ ತಟ್ಟನೆ ಹಿಡಿಯುತ್ತೀರಿ. ಆಗ ಅಲ್ಲಿನ ಕೇಂದ್ರ ಸರ್ಕಾರದ ಆದಾಯದಲ್ಲಿ ಹೆಚ್ಚು ಕಡಿಮೆ 30% ಎಣ್ಣೆ ಮೇಲಿನ ತೆರಿಗೆಯಿಂದಲೇ ಬರುತ್ತಿತ್ತು. ಅಂಥ ಆದಾಯಕ್ಕೆ ಯಾವ ಸರ್ಕಾರ ಕಲ್ಲು ಹಾಕಿಕೊಳ್ಳುತ್ತೆ ಹೇಳಿ? 1913ರಲ್ಲಿ 16ನೇ ತಿದ್ದುಪಡಿ ಬಂದು ಇನ್‌ಕಮ್ ಟ್ಯಾಕ್ಸ್ ಶುರುವಾಯಿತು. ಎಣ್ಣೆ ದುಡ್ಡು ಇಲ್ಲದಿದ್ದರೂ ಸಂಸಾರ ನಡೆಯುತ್ತೆ ಅನ್ನುವ ಧೈರ್ಯ ಬಂದದ್ದೇ ಆಮೇಲೆ. ನನ್ನನ್ನು ಕೇಳಿದರೆ ಈ ಪಾನನಿಷೇಧ ಬಂದದ್ದೂ ಹೋದದ್ದೂ ಖಜಾನೆ ನೋಡಿಕೊಂಡೇ. ಉಳಿದದ್ದೆಲ್ಲ ಅದರ ಮೇಲಿನ ಒಗ್ಗರಣೆ.

ಮೊದಲ ಮಹಾಯುದ್ಧವೂ ಕೈ ಜೋಡಿಸಿತು. ದೊಡ್ಡ ಬಿಯರ್ ಕಂಪನಿಗಳ ಹೆಸರು ನೋಡಿ: ಪಾಬ್ಸ್ಟ್, ಶ್ಲಿಟ್ಸ್, ಬುಶ್. ಎಲ್ಲ ಜರ್ಮನ್ ಮೂಲದವರದ್ದು. ಯುದ್ಧ ಜರ್ಮನಿ ಮೇಲೆ, ಸರಿ, ಬಿಯರ್ ಕುಡಿಯುವವನೇ ದೇಶದ್ರೋಹಿ ಅನ್ನುವ ಹಾಗೆ ಪ್ರಚಾರ ನಡೆಯಿತು. 1917ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಅಲ್ಲಿನ ಸಂಸತ್ತಿನಲ್ಲಿ ಪಾಸಾಯಿತು, 1919ರ ಜನವರಿ ಹೊತ್ತಿಗೆ ಬೇಕಾದಷ್ಟು ರಾಜ್ಯಗಳೂ ಒಪ್ಪಿದವು. ಅದೇ ವರ್ಷ ತಿದ್ದುಪಡಿಯನ್ನು ಜಾರಿ ಮಾಡುವ ವೋಲ್‌ಸ್ಟೆಡ್ ಕಾಯ್ದೆ ಬಂತು. ಅಧ್ಯಕ್ಷ ವಿಲ್ಸನ್ ಬೇಡ ಅಂದರೂ ಸಂಸತ್ತು ಕೇಳಲಿಲ್ಲ. 0.5%ಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅದು ಮದ್ಯ, ಅಷ್ಟೇ. ಬಿಯರ್ ಹೇಗಿದ್ದರೂ ಬಿಡುತ್ತಾರೆ ಅಂದುಕೊಂಡು ವಿಸ್ಕಿ ಬಂದ್‌ಗೆ ತಲೆ ಆಡಿಸಿದ್ದವರು ಬೇಸ್ತು ಬಿದ್ದರು.

*ಬಂದ್ ಅಂದ ತಕ್ಷಣ ಕುಡಿಯೋರು ಬಿಡ್ತಾರಾ ಸಾರ್? ಏನು ಮಾಡ್ತಿದ್ರು?*
– ಕಾರ್ಖಾನೆ ನೌಕರ, ಪೀಣ್ಯ

ಬಿಡಲಿಲ್ಲ. ಕಾನೂನೇ ಹಾಗಿತ್ತು. ತಯಾರಿಸುವುದು, ಮಾರುವುದು, ಸಾಗಿಸುವುದು ಅಪರಾಧ, ಕುಡಿಯುವುದು ಮಾತ್ರ ಅಲ್ಲ! ಬಂದ್ ಶುರುವಾಗುವ ಮೊದಲೇ ಕೊಂಡು ಮನೆಯಲ್ಲಿ ಇಟ್ಟುಕೊಂಡಿದ್ದರೆ ಆರಾಮಾಗಿ ಕುಡಿಯಬಹುದಿತ್ತು. ದುಡ್ಡಿದ್ದವರು ನೆಲಮಾಳಿಗೆ ಭರ್ತಿ ಮಾಡಿಕೊಂಡರು.

ಡಾಕ್ಟರ್ ಚೀಟಿ ಇದ್ದರೆ ಮೆಡಿಕಲ್ ಶಾಪ್‌ನಲ್ಲೇ ವಿಸ್ಕಿ ಸಿಗುತ್ತಿತ್ತು, ಹತ್ತು ದಿನಕ್ಕೆ ಒಂದು ಪಿಂಟ್, ಅಂದರೆ ಅರ್ಧ ಲೀಟರ್‌ಗೆ ಸ್ವಲ್ಪ ಕಡಿಮೆ. 1931ರ ಡಿಸೆಂಬರ್‌ನಲ್ಲಿ ವಿನ್‌ಸ್ಟನ್ ಚರ್ಚಿಲ್ ನ್ಯೂಯಾರ್ಕ್‌ನಲ್ಲಿ ರಸ್ತೆ ದಾಟುವಾಗ ಕಾರು ಗುದ್ದಿತು. ಆಗ ಅವರ ಡಾಕ್ಟರ್ ಬರೆದುಕೊಟ್ಟ ಚೀಟಿ ಇವತ್ತಿಗೂ ಇದೆ. ಗಾಯ ಸುಧಾರಿಸಬೇಕಾದರೆ ಇವರಿಗೆ ಮದ್ಯ ಬೇಕೇ ಬೇಕು, ಅದರಲ್ಲೂ ಊಟದ ಹೊತ್ತಿಗೆ. ಇಷ್ಟೇ ಅಂತ ಹೇಳಲು ಬರುವುದಿಲ್ಲ, ಕನಿಷ್ಠ ಅಂದರೂ 250 ಸಿಸಿ. ನಮ್ಮ ಲೆಕ್ಕದಲ್ಲಿ ಒಂದು ಕ್ವಾರ್ಟರ್, ಮೇಲೊಂದು ಲಾರ್ಜ್, ಆದರೂ ಇನ್ನೂ ಹತ್ತು ಎಂಎಲ್ ಬಾಕಿ. ಅದೂ ಕನಿಷ್ಠ!

ದ್ರಾಕ್ಷಿ ಬೆಳೆಗಾರರದ್ದು ಇನ್ನೊಂದು ಉಪಾಯ. ದ್ರಾಕ್ಷಿ ರಸವನ್ನು ಗಟ್ಟಿ ಮಾಡಿ, ಇಟ್ಟಿಗೆ ಥರ ಒತ್ತಿ ಮಾರುತ್ತಿದ್ದರು. ಜೊತೆಗೆ ಒಂದು ಎಚ್ಚರಿಕೆ: ಇದನ್ನು ನೀರಿನಲ್ಲಿ ಕರಗಿಸಿ 20 ದಿನ ಕಪಾಟಿನಲ್ಲಿ ಇಡಬೇಡಿ, ವೈನ್ ಆಗಿಬಿಡುತ್ತೆ. ಹೇಗೆ ಮಾಡಬೇಕು ಅಂತ ಇದಕ್ಕಿಂತ ಚೆನ್ನಾಗಿ ಹೇಳಿಕೊಡಕ್ಕಾಗಲ್ಲ, ಅಲ್ವಾ?

ನಗು ಬರುವುದು ಇಲ್ಲಿಯವರೆಗೆ ಮಾತ್ರ. ಬಡವರಿಗೆ ಡಾಕ್ಟರ್ ಚೀಟಿಯೂ ಇಲ್ಲ, ನೆಲಮಾಳಿಗೆಯೂ ಇಲ್ಲ, ಸಿಕ್ಕಿದ್ದು ಕಳ್ಳಬಟ್ಟಿ. ಕಾರ್ಖಾನೆಗೆ ಬೇಕಾದ ಆಲ್ಕೋಹಾಲ್ ಕದ್ದು ಮಾರುತ್ತಾರೆ ಅಂತ ಸರ್ಕಾರವೇ ಅದಕ್ಕೆ ವಿಷ, ಮುಖ್ಯವಾಗಿ ಮೀಥೈಲ್ ಆಲ್ಕೋಹಾಲ್, ಬೆರೆಸಲು ಹೇಳಿತ್ತು. 1926ರ ಕೊನೆಯಲ್ಲಿ ವಿಷದ ಪ್ರಮಾಣ ಇನ್ನೂ ಏರಿಸಿತು. ಜನ ಸಾಯುತ್ತಾರೆ ಅಂತ ಗೊತ್ತಿದ್ದೇ ಮಾಡಿದ್ದು. ಜನ ಸತ್ತರು. ಆ ಮೀಥೈಲ್ ಆಲ್ಕೋಹಾಲ್ ಏನು ಮಾಡುತ್ತೆ ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. 1981ರಲ್ಲಿ ಇದೇ ಊರಿನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಜಾಸ್ತಿ ಜನ ಹೋದರು.

ಇನ್ನು ಅಲ್ ಕಪೋನ್ ಕಥೆ ನಿಮಗೆ ಗೊತ್ತಿರುತ್ತೆ. ಷಿಕಾಗೋದಲ್ಲಿ ಕಳ್ಳ ಎಣ್ಣೆಯ ದೊರೆ. ಕೊಲೆ, ಹೊಡೆದಾಟ ಯಾವುದರಲ್ಲೂ ಅವನನ್ನು ಹಿಡಿದು ಹಾಕಲು ಆಗಲಿಲ್ಲ. 1931ರಲ್ಲಿ 11 ವರ್ಷ ಶಿಕ್ಷೆ ಆದದ್ದು ಇನ್‌ಕಮ್ ಟ್ಯಾಕ್ಸ್ ಕಟ್ಟಿಲ್ಲ ಅಂತ. ನೋಡಿ, ಮತ್ತೆ ಅದೇ ಟ್ಯಾಕ್ಸ್.

*ನಮ್ಮ ಮನೆಯವರು ಕುಡಿಯುತ್ತಾರೆ. ಕೇಳಿದರೆ "ಅಮೆರಿಕದಲ್ಲೇ ಬಂದ್ ಮಾಡಿ ಏನೂ ಆಗಲಿಲ್ಲ" ಅಂತ ವಾದಕ್ಕೆ ನಿಲ್ಲುತ್ತಾರೆ. ನಿಜವಾ?*
– ಗೃಹಿಣಿ, ರಾಜಾಜಿನಗರ

ಅರ್ಧ ಮಾತ್ರ ನಿಜ ಅಂತ ಹೇಳಿ ಅಮ್ಮ. ಶುರುವಿನಲ್ಲಿ ಕುಡಿತ ಬಹಳ ಇಳಿಯಿತು. ಅರ್ಥಶಾಸ್ತ್ರಜ್ಞರ ಅಂದಾಜಿನಲ್ಲಿ ಮೊದಲಿದ್ದದ್ದರ ಸುಮಾರು 30%ಗೆ. ಆಮೇಲೆ ಕೆಲವೇ ವರ್ಷದಲ್ಲಿ 60ರಿಂದ 70%ಗೆ ಏರಿತು, ಆದರೂ ಹಳೆಯ ಮಟ್ಟ ಮುಟ್ಟಲಿಲ್ಲ. ಲಿವರ್ ಕೆಟ್ಟು ಸಾಯುವವರೂ ಆ ಕಾಲದಲ್ಲಿ ಕಡಿಮೆ ಇದ್ದರು. ಕೆಟ್ಟದ್ದು ಏನಾಯಿತು ಅಂದರೆ ಬಿಯರ್ ಕಡಿಮೆಯಾಗಿ ವಿಸ್ಕಿ, ಜಿನ್ ಜಾಸ್ತಿಯಾಯಿತು. ಕದ್ದು ಸಾಗಿಸುವವನಿಗೆ ಪೀಪಾಯಿಗಿಂತ ಬಾಟಲಿ ಸುಲಭ.

ನಮ್ಮಲ್ಲೂ 2007ರ ಜುಲೈ 1ರಿಂದ ಪ್ಯಾಕೆಟ್ ಸಾರಾಯಿ ಬಂದ್ ಆಯಿತಲ್ಲ, ಕುಡಿಯುವವರು ಕಡಿಮೆ ಬೆಲೆಯ ಬಾಟಲಿಗೆ ತಿರುಗಿದರು. ಮಾರನೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ ಮತ್ತು ಗಡಿ ಆಚೆ ತಮಿಳುನಾಡಿನಲ್ಲಿ ಕಳ್ಳಬಟ್ಟಿಗೆ ನೂರಕ್ಕೂ ಜಾಸ್ತಿ ಜನ ಸತ್ತರು. ಇದೆಲ್ಲ ಸರ್ಕಾರದ ವಿಷಯ. ನಿಮ್ಮ ಮನೆಯವರ ಕುಡಿತಕ್ಕೂ ಅಮೆರಿಕಕ್ಕೂ ಏನು ಸಂಬಂಧ? ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸುವುದಕ್ಕೆ ಅಂತಲೇ ವಿಭಾಗ ಇದೆ, ವಾದ ಬಿಟ್ಟು ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

*ಸಂವಿಧಾನದಲ್ಲಿ ಬರೆದದ್ದನ್ನು ತೆಗೆದದ್ದು ಹೇಗೆ? ಕಷ್ಟ ಅಲ್ವಾ?*
– ಪಿಯುಸಿ ವಿದ್ಯಾರ್ಥಿನಿ, ಕೆಂಗೇರಿ

ಕಷ್ಟ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ತಿದ್ದುಪಡಿ ಬರೆದ ಸೆನೆಟರ್ ಮಾರಿಸ್ ಶೆಪರ್ಡ್ 1930ರಲ್ಲಿ ಹೇಳಿದ ಮಾತು ಕೇಳಮ್ಮ: ಇದನ್ನು ರದ್ದು ಮಾಡುವುದೂ ಒಂದೇ, ಹಮ್ಮಿಂಗ್‌ಬರ್ಡ್ ಅನ್ನುವ ಪುಟ್ಟ ಹಕ್ಕಿ ವಾಷಿಂಗ್ಟನ್ ಸ್ಮಾರಕವನ್ನು ಬಾಲಕ್ಕೆ ಕಟ್ಟಿಕೊಂಡು ಮಂಗಳ ಗ್ರಹಕ್ಕೆ ಹಾರುವುದೂ ಒಂದೇ. ಮೂರೇ ವರ್ಷಕ್ಕೆ ಹಕ್ಕಿ ಹಾರಿತು.

1929ರಲ್ಲಿ ಷೇರು ಮಾರುಕಟ್ಟೆ ಕುಸಿಯಿತು. 1933ರ ಹೊತ್ತಿಗೆ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇಲ್ಲ. ಸಂಬಳವೇ ಇಲ್ಲದ ಮೇಲೆ ಇನ್‌ಕಮ್ ಟ್ಯಾಕ್ಸ್ ಎಲ್ಲಿಂದ? ಅದು ಅರ್ಧಕ್ಕಿಂತ ಕೆಳಗೆ ಬಿತ್ತು. ಆಗ ಎಲ್ಲರಿಗೂ ಹಳೆಯ ಎಣ್ಣೆ ತೆರಿಗೆ ನೆನಪಾಯಿತು. 2020ರ ಲಾಕ್‌ಡೌನ್‌ನಲ್ಲಿ ನಮ್ಮಲ್ಲಿ ಮೇ 4ಕ್ಕೇ ವೈನ್ ಶಾಪ್ ಬಾಗಿಲು ತೆಗೆಸಿದರು, ಆ ಕ್ಯೂಗಳನ್ನು ನೀನೂ ಟಿವಿಯಲ್ಲಿ ನೋಡಿರಬೇಕು. ಅದೂ ಹೆಚ್ಚು ಕಡಿಮೆ ಇದೇ ಅವಸರ. ಕರ್ನಾಟಕಕ್ಕೆ ಈಗ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಬರುತ್ತೆ.

ವಿಶೇಷ ಅಂದರೆ ರದ್ದು ಮಾಡಿ ಅಂತ ಗಟ್ಟಿಯಾಗಿ ಕೇಳಿದವರಲ್ಲೂ ಹೆಂಗಸರಿದ್ದರು. ಪೌಲಿನ್ ಸೇಬಿನ್ 1929ರಲ್ಲಿ ಅದಕ್ಕೇ ಒಂದು ಮಹಿಳಾ ಸಂಘಟನೆ ಕಟ್ಟಿದರು. ಕದ್ದು ಕುಡಿಯುವುದೇ ದೊಡ್ಡಸ್ತಿಕೆ ಆಗಿಬಿಟ್ಟರೆ ಮಕ್ಕಳು ಕಾನೂನಿಗೆ ಎಲ್ಲಿ ಬೆಲೆ ಕೊಡುತ್ತಾರೆ ಅನ್ನುವುದು ಅವರ ವಾದ. 1932ರ ಚುನಾವಣೆಯಲ್ಲಿ ರೂಸ್‌ವೆಲ್ಟ್ ರದ್ದು ಮಾಡುತ್ತೇವೆ ಅಂತಲೇ ಗೆದ್ದರು. 1933ರ ಏಪ್ರಿಲ್ 7ಕ್ಕೆ ಮೊದಲು 3.2% ಬಿಯರ್ ಬಂತು. 18ನೇ ತಿದ್ದುಪಡಿಯನ್ನು ರದ್ದು ಮಾಡುವ 21ನೇ ತಿದ್ದುಪಡಿಯನ್ನು ರಾಜ್ಯಗಳ ಶಾಸನಸಭೆಗೆ ಕಳಿಸಲಿಲ್ಲ, ಅಲ್ಲಿ ಪಾನವಿರೋಧಿಗಳ ಹಿಡಿತ ಇತ್ತು. ಅದಕ್ಕೆ ರಾಜ್ಯ ರಾಜ್ಯದಲ್ಲೂ ಬೇರೆ ಸಭೆ ಕರೆದರು. ಡಿಸೆಂಬರ್ 5ರಂದು 36ನೇ ರಾಜ್ಯವಾಗಿ ಒಪ್ಪಿ ಕೆಲಸ ಮುಗಿಸಿದ್ದು ಯೂಟಾ, ಎಣ್ಣೆ ಮುಟ್ಟಬಾರದು ಅನ್ನುವ ಮಾರ್ಮನ್ ಪಂಥದವರ ರಾಜ್ಯ!

*ಹಾಗಾದರೆ ಅವತ್ತೇ ಎಲ್ಲ ಕಡೆ ಅಂಗಡಿ ತೆರೆದವಾ?*
– ಓದುಗರು, ಯಲಹಂಕ

ಇಲ್ಲ. ಬೇಕಾ ಬೇಡವಾ ಅನ್ನುವುದನ್ನು ಆಯಾ ರಾಜ್ಯಕ್ಕೆ ಬಿಟ್ಟರು. ಮಿಸ್ಸಿಸ್ಸಿಪ್ಪಿ 1966ರವರೆಗೂ ಬಂದ್ ಉಳಿಸಿಕೊಂಡಿತು. ಅಲ್ಲಿ ಎಣ್ಣೆ ಮಾರುವುದು ಅಪರಾಧ, ಆದರೆ 1944ರಿಂದ ಆ ಕಳ್ಳ ಎಣ್ಣೆ ಮೇಲೆ ರಾಜ್ಯ ಸರ್ಕಾರವೇ 10% ತೆರಿಗೆ ವಸೂಲಿ ಮಾಡುತ್ತಿತ್ತು.