ಕರಿಚಿರತೆ ಮೂರನೇ ಪುಟದವರೆಗೂ ಯಾಕೆ ಕಾಯ್ಬೇಕು?

ನಮಸ್ಕಾರ. ಹುಲಿ ಚಿರತೆಗಳ ಮೈಬಣ್ಣದ ಬಗ್ಗೆ ನೀವು ಜೋಯಿಡಾದಿಂದ ಕಳ್ಸಿದ ಲೇಖನ ಪೂರ್ತಿ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಆದ್ರೆ ಕೈಬಿಡ್ಬೇಡಿ, ಇದ್ರಲ್ಲಿ ಒಂದು ಜಾಗ ತುಂಬಾ ಚೆನ್ನಾಗಿದೆ.

ಮೊದಲೆರಡು ಪುಟದ ಪ್ರಕೃತಿಮಾತೆಯ ಕುಂಚ, ಸೃಷ್ಟಿಯ ವಿಸ್ಮಯ ಎಲ್ಲಾ ತೆಗೀರಿ, ಯಾರು ಬೇಕಾದ್ರೂ ಬರೀಬಹುದಾದ ಮಾತು ಅವು. ಮೂರನೇ ಪುಟದಲ್ಲಿ ಅಣಶಿ ರಸ್ತೆ ಪಕ್ಕ ಬೆಳಗ್ಗೆ ಕಂಡ ಕರಿಚಿರತೆ ಬರುತ್ತಲ್ಲ, ನೆರಳಲ್ಲಿದ್ದಾಗ ಪೂರಾ ಕಪ್ಪು, ಬಿಸಿಲಿಗೆ ಬಂದ ಕೂಡ್ಲೇ ಪಕ್ಕೆ ಮೇಲೆ ಚುಕ್ಕೆ ಕಾಣಿಸ್ತು ಅಂತ, ಅಲ್ಲಿಂದ ಶುರು ಮಾಡಿ. ದಾಂಡೇಲಿ ಜೋಯಿಡಾ ಕಡೆಯೋರಿಗೆ ಕರಿಚಿರತೆ ಹೊಸದಲ್ಲ, ಆದ್ರೆ ಆ ಚುಕ್ಕೆ ಗಮನಿಸಿ ಬರೆಯೋರು ಕಮ್ಮಿ, ನೀವೋ ಅದನ್ನ ಎರಡೇ ಸಾಲಲ್ಲಿ ಮುಗಿಸಿ ಆನುವಂಶಿಕತೆ ಬಗ್ಗೆ ಮೆಂಡೆಲ್ ಮಾಡಿದ ಬಟಾಣಿ ಪ್ರಯೋಗಕ್ಕೆ ಓಡಿಬಿಟ್ಟಿದ್ದೀರಿ.

ಆ ಚುಕ್ಕೆ ಯಾಕೆ ಉಳೀತು ಅನ್ನೋದೇ ನಿಮ್ಮ ಲೇಖನ. ಬಣ್ಣ ಮಾಡೋ ಕೋಶಕ್ಕೆ 'ಇಲ್ಲಿ ಕಪ್ಪು ಸಾಕು, ಹಳದಿ ಮಾಡು' ಅಂತ ಹೇಳೋದು ಎಎಸ್‌ಐಪಿ ಜೀನಿನ ಕೆಲಸ, ಅಪ್ಪ ಅಮ್ಮ ಇಬ್ಬರಿಂದ್ಲೂ ಅದರ ಕೆಟ್ಟ ಪ್ರತಿ ಬಂದ್ರೆ ಚಿರತೆ ಮೈಯೆಲ್ಲ ಕಪ್ಪಾಗುತ್ತೆ. ಚುಕ್ಕೆ ಎಲ್ಲಿ ಬರ್ಬೇಕು ಅಂತ ನೋಡ್ಕೊಳ್ಳೋ ಜೀನುಗಳು ಬೇರೆ, ಅವು ಸರಿಯಾಗೇ ಇರ್ತಾವೆ, ಅದಕ್ಕೇ ಚುಕ್ಕೆ ಉಳಿಯುತ್ತೆ. ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದ ಮರಿ ಮಾತ್ರ ಕಪ್ಪಾಗೋದ್ರಿಂದ ಒಂದೇ ಸೂಲಲ್ಲಿ ಕಪ್ಪು ಮರಿ, ಮಾಮೂಲಿ ಮರಿ ಎರಡೂ ಹುಟ್ಟಬಹುದು. 'ಬೇರೆ ಜಾತಿಯ ಚಿರತೆ' ಅನ್ನೋ ಸಾಲು ತಪ್ಪು, ಹೊಡೆದ್ಹಾಕಿ.

ಚುಕ್ಕೆ-ಪಟ್ಟೆ ಬೇರೆ ಕೆಲಸ, ಬಣ್ಣ ಬೇರೆ ಕೆಲಸ. ಇದೊಂದನ್ನ ಹಿಡ್ಕೊಂಡ್ರೆ ಉಳಿದದ್ದೆಲ್ಲ ತಾನಾಗೇ ಸಾಲಿಗೆ ಬರುತ್ತೆ. ಬಿಳಿ ಹುಲಿಯಲ್ಲಿ ಕೆಟ್ಟದ್ದು ಬಣ್ಣ ಮಾತ್ರ, ಎಸ್‌ಎಲ್‌ಸಿ45ಎ2 ಅನ್ನೋ ಜೀನಲ್ಲಿ ಒಂದೇ ಒಂದು ಬದಲಾವಣೆಯಿಂದ ಕೆಂಪು-ಹಳದಿ ನಿಂತುಹೋಗಿದೆ ಅಂತ 2013ರಲ್ಲಿ ಗೊತ್ತಾಯ್ತು, ಪಟ್ಟೆ ಇದ್ದಲ್ಲೇ ಇದೆ, ಹಾಗಾಗಿ ಅದು ಆಲ್ಬಿನೋ, ಅಂದ್ರೆ ಬಣ್ಣವೇ ಇಲ್ಲದ ಪ್ರಾಣಿ, ಅಲ್ಲ. ಒಡಿಶಾದ ಸಿಮ್ಲಿಪಾಲ ಕಾಡಿನ ಕಪ್ಪು ಹುಲಿಯದ್ದು ಪೂರಾ ಉಲ್ಟಾ, ಬಣ್ಣ ಅದೇ, ಪಟ್ಟೆಗಳು ಅಗಲ ಆಗಿ ಒಂದಕ್ಕೊಂದು ಕೂಡ್ಕೊಂಡಿವೆ. ಟ್ಯಾಕ್‌ಪೆಪ್ ಅನ್ನೋ ಜೀನಿಂದ ಹಾಗಾಗುತ್ತೆ ಅಂತ 2021ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ತಂಡ, ಅವರ ಹೆಸರೇ ನಿಮ್ಮಲ್ಲಿಲ್ಲ, ಸೇರಿಸಿ.

ಬಿಳಿ ಹುಲಿಯ 'ಅಪರೂಪದ ತಳಿ ಉಳಿಸೋಣ' ಅನ್ನೋ ಕರೆಗೆ ನನ್ನ ಒಪ್ಪಿಗೆ ಇಲ್ಲ. 1951ರಲ್ಲಿ ಮಧ್ಯಪ್ರದೇಶ ಕಡೆಯ ರೀವಾದ ಮಹಾರಾಜ ಮಾರ್ತಾಂಡ ಸಿಂಗ್ ಹಿಡಿಸಿದ ಮೋಹನ್ ಅನ್ನೋ ಬಿಳಿ ಗಂಡು ಹುಲಿಗೆ ಅದರ ಸ್ವಂತ ಮಗಳು ರಾಧಾಳನ್ನೇ ಜೋಡಿ ಮಾಡಿ, 1958ರಲ್ಲಿ ಬಿಳಿ ಮರಿ ಹುಟ್ಟಿಸಿದ್ರು. ಆಮೇಲೂ ರಕ್ತಸಂಬಂಧದೊಳಗೇ ಮರಿ ಮಾಡಿಸ್ತಾ ಹೋದ್ರು, ಎಷ್ಟೋ ಬಿಳಿ ಹುಲಿಗಳಿಗೆ ಮೆಳ್ಳಗಣ್ಣು, ಬೇರೆ ತೊಂದ್ರೆಗಳೂ ಇವೆ. ಬೋನಿನಲ್ಲಿ ಬಣ್ಣ ಉಳಿಸೋದಕ್ಕೂ ಕಾಡಲ್ಲಿ ಹುಲಿ ಉಳಿಸೋದಕ್ಕೂ ಸಂಬಂಧ ಇಲ್ಲ, ಇದನ್ನ ನೀವು ಗಟ್ಟಿಯಾಗಿ ಬರೀಬೇಕು, ಕಾಳಿ ಹುಲಿ ಕಾಡಿನ ಅಂಚಲ್ಲೇ ಇರೋರು ನೀವು.

ಕೊನೆಯ ಮೂರುಬಣ್ಣದ ಬೆಕ್ಕಿನ ಭಾಗ ಇಲ್ಲಿ ಬೇಡ. 'ಎಲ್ಲಾ ಹೆಣ್ಣೇ' ಅನ್ನೋದನ್ನ 'ಹೆಚ್ಚುಕಮ್ಮಿ ಎಲ್ಲಾ ಹೆಣ್ಣೇ' ಅಂತ ಮಾಡಿ, ಕೆಂಪು ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿರೋದು ಸೇರಿಸಿ, ಬೇರೆ ಲೇಖನವಾಗಿ ಕಳ್ಸಿ. ಹುಲಿ ಚಿರತೆದು ಮೊದ್ಲು ಬರ್ಲಿ.