ಹನಿಯ ಗುಣವೋ, ಹಾಳೆಯ ಗುಣವೋ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಭ್ಯಾಸಗಳ ಬಗ್ಗೆ ಬಂದ ಲೇಖನ ಓದಿದೆ. ‘ದಿನಾ ಮಾಡಿ, ಬಿಡದೆ ಮಾಡಿ’ ಎಂಬ ಉಪದೇಶ ಕೇಳಿ ಕೇಳಿ ಸಾಕಾಗಿದೆ. ನನಗೀಗ 38. ಬೆಳಗಿನ ನಡಿಗೆಯನ್ನು ಏಳು ಸಲ ಶುರುಮಾಡಿ ಏಳು ಸಲವೂ ಬಿಟ್ಟಿದ್ದೇನೆ. ರಾತ್ರಿ ಒಂದು ಗಂಟೆಯವರೆಗೆ ಫೋನು ಕೈಬಿಡುವುದಿಲ್ಲ. ನನ್ನ ಸ್ನೇಹಿತನೊಬ್ಬ ಮೂರು ದಿನಕ್ಕೊಮ್ಮೆ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಅಮಲು ಪದಾರ್ಥವನ್ನು ತೀರಾ ಸಣ್ಣ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ಮೈಕ್ರೋಡೋಸಿಂಗ್ ಅಂತೆ. ನಾಲ್ಕು ತಿಂಗಳಲ್ಲಿ ಸಿಗರೇಟು ಬಿಟ್ಟ, ಹೊತ್ತಿಗೆ ಸರಿಯಾಗಿ ಮಲಗುತ್ತಾನೆ, ವ್ಯಾಯಾಮ ತಪ್ಪಿಸುವುದಿಲ್ಲ. ವಿಜ್ಞಾನಿಗಳೇ ಒಪ್ಪಿದ್ದಾರೆ ಎನ್ನುತ್ತಾನೆ. ನಿಮ್ಮ ಪತ್ರಿಕೆ ಈ ದಾರಿಯ ಬಗ್ಗೆ ಯಾಕೆ ಬರೆಯುವುದಿಲ್ಲ? ಹೆದರಿಕೆಯೇ?
ತಾ.ಕ.: ಇದನ್ನು ನಿಲ್ಲಿಸು ಎಂದು ಅವನಿಗೆ ನಾನು ಹೇಳಬೇಕೇ?
(ಹೆಸರು ಪ್ರಕಟಿಸಬೇಡಿ ಎಂದು ಕೋರಿದ್ದಾರೆ)

ಸಂಪಾದಕರ ಉತ್ತರ:

ಹೆದರಿಕೆಯಲ್ಲ. ಈ ವಿಷಯದಲ್ಲಿ ಹೇಳಬೇಕಾದ್ದು ನನ್ನೊಳಗೆ ಬಹಳ ದಿನಗಳಿಂದ ತುಂಬಿಕೊಂಡಿತ್ತು, ಹೇಳಿಸಲು ಇಂಥದೊಂದು ಪತ್ರ ಬೇಕಿತ್ತು. ಏಳು ಸಲ ಸೋತದ್ದನ್ನು ಲೆಕ್ಕವಿಟ್ಟು ಬರೆದಿದ್ದೀರಲ್ಲ, ಆ ಪ್ರಾಮಾಣಿಕತೆಗೆ ಮೊದಲು ನನ್ನ ನಮಸ್ಕಾರ.

ನಿಮ್ಮ ಸ್ನೇಹಿತರ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಸ್ತುಗಳ ಮೇಲೆ ನಡೆಯುತ್ತಿರುವ ಸಂಶೋಧನೆ ಹುಡುಗಾಟವಲ್ಲ. ಕೆಲವು ಜಾತಿಯ ಅಣಬೆಗಳಲ್ಲಿ ಸಿಗುವ, ಎಲ್‌ಎಸ್‌ಡಿಯ ಬಳಗಕ್ಕೇ ಸೇರಿದ ಸೈಲೋಸಿಬಿನ್ ಎಂಬ ರಾಸಾಯನಿಕವನ್ನು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು, ಸಿಗರೇಟು ಬಿಡಲಾಗದೆ ಒದ್ದಾಡಿದ್ದ 15 ಜನರಿಗೆ ಕೊಟ್ಟು ನೋಡಿದರು. ಆರು ತಿಂಗಳ ನಂತರ ಅವರಲ್ಲಿ 12 ಜನ ಸಿಗರೇಟಿನಿಂದ ದೂರವಿದ್ದರು. ಅದು ಪ್ರಕಟವಾದದ್ದು 2014ರಲ್ಲಿ. ಕುಡಿತದ ಚಟಕ್ಕೆ ಬಿದ್ದಿದ್ದ 93 ಜನರ ಮೇಲೆ ನಡೆದ ಇನ್ನೊಂದು ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಸೈಲೋಸಿಬಿನ್ ಪಡೆದವರು ವಿಪರೀತ ಕುಡಿದದ್ದು ನೂರರಲ್ಲಿ ಸುಮಾರು 10 ದಿನ. ಹೋಲಿಕೆಗೆಂದು ಬೇರೆ ಮಾತ್ರೆ ಪಡೆದವರು ಸುಮಾರು 24 ದಿನ. ಸಣ್ಣ ವ್ಯತ್ಯಾಸವಲ್ಲ, ಒಪ್ಪುತ್ತೇನೆ.

ಆದರೆ ಆ ಎರಡು ಪರೀಕ್ಷೆಗಳಲ್ಲೂ ‘ಮೈಕ್ರೋ’ ಎಂಬುದೇ ಇಲ್ಲ. ಅಲ್ಲಿ ಕೊಟ್ಟದ್ದು ದೊಡ್ಡ ಪ್ರಮಾಣ, ಅದೂ ಎರಡು ಮೂರು ಸಲ ಮಾತ್ರ. ಕೊಟ್ಟ ದಿನವೆಲ್ಲ ತರಬೇತಾದವರು ಪಕ್ಕದಲ್ಲೇ ಕೂತಿದ್ದರು. ಅದರ ಹಿಂದೆ ಮುಂದೆ ವಾರಗಟ್ಟಲೆ ಮಾತುಕತೆ, ಸಲಹೆ, ವಿಚಾರಣೆ ನಡೆದಿತ್ತು. ಹನ್ನೆರಡು ಹದಿನೈದು ವಾರ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಎದುರು ಕೂತು ‘ಈ ವಾರ ಹೇಗಿದ್ದೀರಿ’ ಎಂದು ಕೇಳುತ್ತಾ ಹೋದದ್ದು ಸುದ್ದಿಯ ತಲೆಬರಹಕ್ಕೆ ಬರಲೇ ಇಲ್ಲ. ಅಷ್ಟೂ ಜನರ ಅಷ್ಟೂ ದುಡಿಮೆಯನ್ನು ಈಗ ಒಂದು ಸಣ್ಣ ಹನಿಯ ಖಾತೆಗೆ ಜಮಾ ಮಾಡಲಾಗುತ್ತಿದೆ.

ಆ ಸಣ್ಣ ಹನಿಯನ್ನೇ ನೋಡೋಣ. ಎಲ್‌ಎಸ್‌ಡಿ ಪೂರ್ತಿ ಅಮಲೇರಿಸಲು ಸುಮಾರು 100 ಮೈಕ್ರೋಗ್ರಾಂ ಸಾಕು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಮೈಕ್ರೋಡೋಸಿಂಗ್ ಮಾಡುವವರು ಅದರ ಹತ್ತನೇ ಒಂದರಷ್ಟು, ಹೆಚ್ಚುಕಡಿಮೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುತ್ತಾರೆ. ಒಂದು ದಿನ ತೆಗೆದುಕೊಳ್ಳುವುದು, ಎರಡು ದಿನ ಬಿಡುವುದು ಎಂಬ ಕ್ರಮವನ್ನು 2011ರ ಪುಸ್ತಕವೊಂದರಿಂದ ಜನಪ್ರಿಯ ಮಾಡಿದವರು ಜೇಮ್ಸ್ ಫ್ಯಾಡಿಮನ್ ಎಂಬ ಮನಶ್ಶಾಸ್ತ್ರಜ್ಞರು. ನಿಮ್ಮ ಸ್ನೇಹಿತರು ಪಾಲಿಸುತ್ತಿರುವುದು ಇದನ್ನೇ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇದನ್ನು ಬಹಳ ಜಾಣತನದಿಂದ ಪರೀಕ್ಷಿಸಿದರು. ಮನೆಯಲ್ಲೇ ಮೈಕ್ರೋಡೋಸಿಂಗ್ ಮಾಡುವವರ ಕೈಯಲ್ಲೇ ಕ್ಯಾಪ್ಸೂಲ್‌ಗಳನ್ನು ತುಂಬಿಸಿದರು. ಕೆಲವಕ್ಕೆ ಮದ್ದು, ಕೆಲವು ಖಾಲಿ. ಅವನ್ನು ಸಂಕೇತ ಅಂಟಿಸಿದ ಲಕೋಟೆಗಳಲ್ಲಿ ಬೆರೆಸಿಟ್ಟಾಗ, ತಾನು ನುಂಗುತ್ತಿರುವುದು ಯಾವುದೆಂದು ನುಂಗುವವರಿಗೇ ತಿಳಿಯದು. 191 ಜನ ಪೂರ್ತಿಗೊಳಿಸಿದ ಈ ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ನಾಲ್ಕು ವಾರಗಳ ಬಳಿಕ ಮದ್ದು ತೆಗೆದುಕೊಂಡವರ ಮನಃಸ್ಥಿತಿ ಸುಧಾರಿಸಿತ್ತು. ಖಾಲಿ ಕ್ಯಾಪ್ಸೂಲ್ ನುಂಗಿದವರದೂ ಅಷ್ಟೇ ಸುಧಾರಿಸಿತ್ತು! ಫಲ ನಿಂತದ್ದು ಒಳಗಿನ ಮದ್ದಿನ ಮೇಲಲ್ಲ, ‘ಇವತ್ತು ನಾನು ತೆಗೆದುಕೊಂಡದ್ದು ಮದ್ದೇ’ ಎಂಬ ನಂಬಿಕೆಯ ಮೇಲೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 80 ಆರೋಗ್ಯವಂತ ಗಂಡಸರ ಮೇಲೆ ಆರು ವಾರ ನಡೆದು, 2023ರಲ್ಲಿ ಪ್ರಕಟವಾದ ಪರೀಕ್ಷೆಯದೂ ಹೆಚ್ಚುಕಡಿಮೆ ಇದೇ ಕಥೆ. ಮದ್ದು ತೆಗೆದುಕೊಂಡ ದಿನ ಹುರುಪು ಹೆಚ್ಚಿತ್ತು. ಆರು ವಾರ ಮುಗಿದ ಮೇಲೆ ಉಳಿದುಕೊಂಡ ಬದಲಾವಣೆ ಕಾಣಲಿಲ್ಲ. ನಾಲ್ವರು ಆತಂಕ ತಾಳಲಾರದೆ ನಡುವೆಯೇ ಬಿಟ್ಟರು.

ಹಾಗಾದರೆ ನಿಮ್ಮ ಸ್ನೇಹಿತರು ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ಅವರು ಸಿಗರೇಟು ಬಿಟ್ಟದ್ದು ನಿಜ. ಬಿಡಿಸಿದ್ದು ಯಾವುದು ಎಂಬಷ್ಟೇ ಪ್ರಶ್ನೆ. ಈ ಕ್ರಮ ಪಾಲಿಸುವವರು ಮಾಡುವ ಉಳಿದ ಕೆಲಸಗಳನ್ನು ಗಮನಿಸಿ. ಇವತ್ತು ತೆಗೆದುಕೊಳ್ಳುವ ದಿನವೋ ಬಿಡುವ ದಿನವೋ ಎಂದು ಎಣಿಸುತ್ತಾರೆ. ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ, ಮನಸ್ಸು ಹೇಗಿತ್ತು, ಎಷ್ಟು ಸೇದಿದೆ ಎಂದು ಹಾಳೆಯ ಮೇಲೆ ಬರೆಯುತ್ತಾರೆ. ‘ನಾನು ಬದಲಾಗುತ್ತಿದ್ದೇನೆ’ ಎಂದು ತಮ್ಮನ್ನು ತಾವೇ ಆಸೆಯಿಂದ ನೋಡಿಕೊಳ್ಳುತ್ತಾರೆ. ಹನಿಯನ್ನು ತೆಗೆದಿಟ್ಟು ಹಾಳೆಯೊಂದನ್ನೇ ಉಳಿಸಿಕೊಂಡರೂ ಕೆಲಸ ನಡೆಯುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಆ ಖಾಲಿ ಕ್ಯಾಪ್ಸೂಲ್ ನುಂಗಿದವರು ಹೇಳುತ್ತಿರುವುದೂ ಇದನ್ನೇ.

ಈ ನಂಬಿಕೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು 19 ವರ್ಷ ಸಿಗರೇಟು ಸೇದಿದವನು. ಆಗ ನಮ್ಮಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದರು, ಮಾತು ಕಡಿಮೆ. ಒಂದು ಸಂಜೆ ಗೋಡೆಯ ಕ್ಯಾಲೆಂಡರನ್ನು ನನ್ನ ಮೇಜಿನ ಪಕ್ಕಕ್ಕೆ ತಂದು ನೇತುಹಾಕಿ, ತಮ್ಮ ಕೆಂಪು ಪೆನ್ಸಿಲ್ ಹಿಡಿದು ಕೇಳಿದರು: “ಇವತ್ತು ಎಷ್ಟು?” ಹನ್ನೊಂದು ಎಂದೆ. ಆ ದಿನದ ಚೌಕದಲ್ಲಿ 11 ಎಂದು ಬರೆದು ಹೊರಟರು. ಮರುದಿನವೂ ಅದೇ ಪ್ರಶ್ನೆ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಕಡಿಮೆಯಾದಾಗ ಬೆನ್ನು ತಟ್ಟಲೂ ಇಲ್ಲ. ಒಂದು ಸಂಜೆ 4 ಎಂದು ಸುಳ್ಳು ಹೇಳಿದೆ, ಅದನ್ನೂ ಬರೆದರು. ಆ 4ನ್ನು ಇಡೀ ತಿಂಗಳು ನೋಡುತ್ತಾ ಕೂರುವುದು ನನ್ನಿಂದಾಗಲಿಲ್ಲ. ತಿಂಗಳ ಕೊನೆಗೆ ನಾನೇ ಅದನ್ನು ಹೊಡೆದು 9 ಎಂದು ತಿದ್ದಿದೆ. ಅವರು ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಸೊನ್ನೆಗಳು ಶುರುವಾದವು. ಅವರೀಗ ಇಲ್ಲ. ಆ ಎರಡು ಕ್ಯಾಲೆಂಡರುಗಳು ನನ್ನ ಬಳಿ ಇವೆ.

ನಮ್ಮ ಭಾಷೆಯ ಒಂದು ಮಾತು ನೋಡಿ. ‘ಅಭ್ಯಾಸ’ ಎಂದರೆ ರೂಢಿಯೂ ಹೌದು, ಸಾಧನೆಯೂ ಹೌದು. ಸಂಗೀತಾಭ್ಯಾಸ ಎನ್ನುತ್ತೇವೆ, ವಿದ್ಯಾಭ್ಯಾಸ ಎನ್ನುತ್ತೇವೆ, ಬೇಗ ಏಳುವ ಅಭ್ಯಾಸ ಎಂದೂ ಎನ್ನುತ್ತೇವೆ. ರಾಗ ಕೂರಲು ವರ್ಷ ಬೇಕೆಂದು ಒಪ್ಪುವ ನಾವು, ನಡಿಗೆ ಕೂರಲು ಮಾತ್ರ ಮೂರು ವಾರ ಸಾಕೆಂದುಕೊಂಡಿದ್ದೇವೆ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ಗಾದೆ ಕಟ್ಟಿದವರು ‘ಹಾಡಿದರೆ ರಾಗ’ ಎನ್ನಲಿಲ್ಲ, ಹಾಡ್ತಾ ಹಾಡ್ತಾ ಎಂದರು.

ಅಭ್ಯಾಸ ಕೂರಲು ‘21 ದಿನ’ ಸಾಕೆಂಬ ಮಾತು ಎಲ್ಲಿಂದ ಬಂತು ಗೊತ್ತೇ? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್, ತನ್ನ ರೋಗಿಗಳು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಮೂರು ವಾರ ಹಿಡಿಯುತ್ತದೆಂದು 1960ರಲ್ಲಿ ಬರೆದರು. ‘ಕನಿಷ್ಠ’ ಎಂಬುದು ಉದುರಿಹೋಗಿ ಉಳಿದದ್ದು ವೇದವಾಕ್ಯವಾಯಿತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. ಅವರ 2010ರ ಅಧ್ಯಯನದಲ್ಲಿ 96 ಜನ ಒಂದೊಂದು ಸಣ್ಣ ಅಭ್ಯಾಸ ಹಿಡಿದರು. ಅದು ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ ಬೇಕಾಗುವುದು 254 ದಿನ ಎಂದು ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲವೆಂಬುದೂ ಅದರಲ್ಲೇ ಕಂಡಿತು.

ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಬೇಕು. ಏಳು ಸಲ ಬಿಟ್ಟೆ ಎಂದಿರಿ, ಪ್ರತಿ ಸಲವೂ ಎಷ್ಟು ದಿನ ನಡೆದಿರಿ ಎಂದು ಬರೆಯಲಿಲ್ಲ. ನನ್ನ ಊಹೆ ಹೇಳಲೇ? ಒಂದು ಬೆಳಿಗ್ಗೆ ತಪ್ಪಿತು, ‘ಇನ್ನು ಮುಗಿಯಿತು’ ಎಂದು ನೀವೇ ತೀರ್ಪು ಕೊಟ್ಟಿರಿ. ನಡಿಗೆ ನಿಮ್ಮನ್ನು ಬಿಟ್ಟಿರಲಿಲ್ಲ.

ಗದರಿಸಿದ್ದಾಯಿತು, ಆದರೆ ತಪ್ಪೆಲ್ಲ ನಿಮ್ಮದೆನ್ನುವವರ ಜೊತೆ ನಾನಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಎಷ್ಟೋ ಅಮೆರಿಕನ್ ಸೈನಿಕರು ಹೆರಾಯಿನ್‌ಗೆ ದಾಸರಾಗಿದ್ದರು. 1971ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿ ವಿಚಾರಿಸಿದರು. ಅಲ್ಲಿ ದಾಸರಾಗಿದ್ದವರಲ್ಲಿ ಮನೆಗೆ ಬಂದ ಮೊದಲ ವರ್ಷ ಮತ್ತೆ ಆ ಚಟಕ್ಕೆ ಬಿದ್ದವರು ನೂರಕ್ಕೆ ಐವರಷ್ಟೇ. ಚಿಕಿತ್ಸೆಯನ್ನೇ ಪಡೆಯದೆ ಬಿಟ್ಟವರು ಬಹಳ ಮಂದಿ. ಜಾಗ ಬದಲಾಗಿತ್ತು, ಜೊತೆಗಾರರು ಬದಲಾಗಿದ್ದರು, ದಿನದ ಗತಿ ಬದಲಾಗಿತ್ತು.

ನನ್ನ ಹೊಟ್ಟೆಯುರಿ ಇರುವುದು ಇಲ್ಲೇ. ನಿಮ್ಮ ಕೈಯ ಫೋನು ರಾತ್ರಿ ಒಂದರವರೆಗೆ ಎಚ್ಚರವಿರುವುದು ಆಕಸ್ಮಿಕವಲ್ಲ. ಬೆರಳು ನಿಲ್ಲದಂತೆ, ಕೊನೆಯೇ ಇಲ್ಲದಂತೆ ಅದನ್ನು ಕಟ್ಟಲು ಅತಿ ಬುದ್ಧಿವಂತರು ಹಗಲಿಡೀ ದುಡಿದಿದ್ದಾರೆ. ಕಚೇರಿ ನಿಮ್ಮ ಹತ್ತು ಗಂಟೆ ತೆಗೆದುಕೊಳ್ಳುತ್ತದೆ, ಪ್ರಯಾಣ ಎರಡು ಗಂಟೆ, ಉಳಿದದ್ದನ್ನು ಆ ಪರದೆ. ಬೆಳಿಗ್ಗೆ ಏಳಲಾಗದಿದ್ದರೆ ದೋಷ ಮಾತ್ರ ನಿಮ್ಮ ಮಿದುಳಿನದು, ಅದನ್ನು ಹನಿ ಹಾಕಿ ರಿಪೇರಿ ಮಾಡಿಕೊಳ್ಳಬೇಕು! ಮನುಷ್ಯನ ಹೊತ್ತನ್ನು ಕಸಿದುಕೊಂಡವರನ್ನು ಯಾರೂ ಕೇಳುವುದಿಲ್ಲ. ಮೈಕ್ರೋಡೋಸಿಂಗ್ ಹೊಗಳುವವರ ಬಾಯಲ್ಲಿ ‘ಹೆಚ್ಚು ಕೆಲಸ ಮಾಡಬಲ್ಲೆ’ ಎಂಬ ಮಾತು ಎಷ್ಟು ಸಲ ಬರುತ್ತದೆ, ಗಮನಿಸಿ. ವಿಶ್ರಾಂತಿಗೂ ನಿದ್ದೆಗೂ ಲಾಭದ ಲೆಕ್ಕ ಕಟ್ಟಿದ ಮೇಲೆ, ಯಾವ ಲಾಭವೂ ಇಲ್ಲದೆ ಒಂದು ಮರವನ್ನು ನೋಡುತ್ತಾ ನಡೆಯುವುದು ಯಾರಿಂದ ಸಾಧ್ಯ?

ಇನ್ನು ನಿಮ್ಮ ತಾ.ಕ. ‘ನಿಲ್ಲಿಸು’ ಎಂದರೆ ಅವರು ಕೇಳುವುದಿಲ್ಲ, ನೀವೂ ಕೇಳುತ್ತಿರಲಿಲ್ಲ. ಆದರೆ ಕೆಲವನ್ನು ಮುಚ್ಚುಮರೆಯಿಲ್ಲದೆ ವಿಚಾರಿಸಿ. ಮನೋರೋಗಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದರ ಜೊತೆ ಸೇರಿ ಫಿಟ್ಸ್ ಬಂದ ಉದಾಹರಣೆಗಳಿವೆ. ಮನೆತನದಲ್ಲಿ ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ತೀವ್ರ ಮನೋರೋಗ ಇರುವವರನ್ನು ಸಂಶೋಧಕರೇ ಹತ್ತಿರ ಸೇರಿಸುವುದಿಲ್ಲ. ಎಲ್‌ಎಸ್‌ಡಿ ದೇಹದೊಳಗೆ ಹೋಗಿ ಅಂಟಿಕೊಳ್ಳುವ ತಾಣಗಳಲ್ಲಿ (ಗ್ರಾಹಕಗಳಲ್ಲಿ) ಒಂದು ಹೃದಯದ ಕವಾಟಗಳಲ್ಲೂ ಇದೆ. ಅದನ್ನು ಪದೇ ಪದೇ ಕೆಣಕಿ ಕವಾಟ ಕೆಡಿಸಿದ ಕಾರಣಕ್ಕೇ ತೂಕ ಇಳಿಸುವ ಫೆನ್‌ಫ್ಲುರಮೀನ್ ಎಂಬ ಔಷಧಿಯನ್ನು 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ತೆಗೆದರು. ವರ್ಷಗಟ್ಟಲೆ ಮೂರು ದಿನಕ್ಕೊಮ್ಮೆ ಹನಿ ತೆಗೆದುಕೊಂಡವರ ಹೃದಯವನ್ನು ಹಾಗೆ ಪರೀಕ್ಷಿಸಿ ನೋಡಿದ್ದು ನನಗೆ ತಿಳಿದಮಟ್ಟಿಗೆ ಇನ್ನೂ ಆಗಿಲ್ಲ. 1971ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಎಲ್‌ಎಸ್‌ಡಿ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಬಹುತೇಕ ದೇಶಗಳಲ್ಲಿ ಇಟ್ಟುಕೊಳ್ಳುವುದೇ ಕಾನೂನುಬಾಹಿರ. ಕದ್ದುಮುಚ್ಚಿ ಕೊಳ್ಳುವ, ಎಲ್‌ಎಸ್‌ಡಿ ಹೀರಿಸಿದ ಕಾಗದದ ಚೂರಿನಲ್ಲಿ 10 ಮೈಕ್ರೋಗ್ರಾಂ ಇದೆಯೋ 60 ಇದೆಯೋ ಎಂದು ಮನೆಯ ಯಾವ ತಕ್ಕಡಿಯೂ ಹೇಳಲಾರದು. ಎಲ್‌ಎಸ್‌ಡಿ ತಯಾರಿಸಿದ ಆಲ್ಬರ್ಟ್ ಹಾಫ್‌ಮನ್ನರೇ 1943ರ ಏಪ್ರಿಲ್ 19ರಂದು ಸಣ್ಣ ಪ್ರಮಾಣವೆಂದುಕೊಂಡು 250 ಮೈಕ್ರೋಗ್ರಾಂ ತೆಗೆದುಕೊಂಡು, ಸೈಕಲ್ಲಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಕಂಗಾಲಾಗಿದ್ದರು.

ಇಷ್ಟು ವಿಚಾರಿಸಿದ ಮೇಲೆ ಅವರು ಬರೆದಿಡುವ ಪುಸ್ತಕವನ್ನು ತೋರಿಸಲು ಹೇಳಿ, ಪಕ್ಕದಲ್ಲಿ ಕೂತು ಓದಿ. ನಿಮಗೂ ಅಂಥದೊಂದು ತಂದುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಅವರು ನಿಮಗೆ ಫೋನು ಮಾಡಿ “ನಡೆದೆಯಾ?” ಎಂದಷ್ಟೇ ಕೇಳಲಿ. ನೀವು “ಇವತ್ತು ಎಷ್ಟು?” ಎಂದು ಕೇಳಿ. ಉತ್ತರ ಏನೇ ಇರಲಿ, ಬರೆದುಕೊಂಡು ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಲಗಿ.

— ಸಂಪಾದಕ