ಕಾರ್ಬನ್ ನ್ಯಾನೊಟ್ಯೂಬ್ (ಕಾರ್ಬನ್ ಪರಮಾಣುಗಳ ಅತಿ ಸಣ್ಣ ನಳಿಕೆ) ಹತ್ತಿರ ಬಂದ ಎಲೆಕ್ಟ್ರಾನ್ ಅದರ ಮೇಲೆ ಬೀಳದೆ ಸುತ್ತ ಸುತ್ತುತ್ತಾ ಇರಬಲ್ಲದೇ?

ಹೌದು, ಇರಬಲ್ಲದು. ನಳಿಕೆ ಅದನ್ನು ಒಳಕ್ಕೆ ಎಳೆಯುತ್ತದೆ, ಸುತ್ತುವ ವೇಗ ಹೊರಕ್ಕೆ ತಳ್ಳುತ್ತದೆ. ಎರಡೂ ಸಮವಾದ ದೂರದಲ್ಲಿ ಎಲೆಕ್ಟ್ರಾನ್ ಸುತ್ತುತ್ತಾ ಉಳಿಯುತ್ತದೆ.

ಆದರೆ ನಳಿಕೆಯಲ್ಲಿ ಒಟ್ಟಾರೆ ಚಾರ್ಜ್ ಇಲ್ಲವಲ್ಲ, ಎಳೆಯುವುದು ಹೇಗೆ? ಹೊರಗಿನ ಎಲೆಕ್ಟ್ರಾನ್ ಮೈನಸ್ ಚಾರ್ಜಿನದು. ಅದು ಹತ್ತಿರ ಬಂದಾಗ ನಳಿಕೆಯಲ್ಲಿ ಸಲೀಸಾಗಿ ಓಡಾಡುವ ಎಲೆಕ್ಟ್ರಾನುಗಳು ದೂರ ಸರಿಯುತ್ತವೆ. ಎದುರಿನ ಭಾಗದಲ್ಲಿ ಪ್ಲಸ್ ಚಾರ್ಜ್ ಉಳಿಯುತ್ತದೆ, ಅದೇ ಎಳೆಯುತ್ತದೆ. ಕನ್ನಡಿಯಲ್ಲಿ ಬಿಂಬ ಮೂಡಿದ ಹಾಗೆ. ಅದಕ್ಕೇ ಈ ಸೆಳೆತಕ್ಕೆ ಸಿಕ್ಕ ಎಲೆಕ್ಟ್ರಾನಿನ ನೆಲೆಗಳನ್ನು ಬಿಂಬ ಸ್ಥಿತಿಗಳು ಅನ್ನುತ್ತಾರೆ.

ಚಪ್ಪಟೆ ಲೋಹದ ಮೇಲೂ ಬಿಂಬ ಸ್ಥಿತಿಗಳಿವೆ. ಆದರೆ ಅಲ್ಲಿ ಸುತ್ತು ಹಾಕಲು ಜಾಗವೇ ಇಲ್ಲ, ಅಲ್ವಾ? ನಳಿಕೆ ತೆಳ್ಳಗೆ, ದುಂಡಗೆ ಇರುವುದೇ ಇಲ್ಲಿನ ಗುಟ್ಟು. ದೂರ ಹೋದಂತೆ ತಳ್ಳುವಿಕೆ ಬೇಗ ಕುಗ್ಗುತ್ತದೆ, ಸೆಳೆತ ಅಷ್ಟು ಬೇಗ ಕುಗ್ಗುವುದಿಲ್ಲ. ಹಾಗಾಗಿ ಜಾಸ್ತಿ ವೇಗದಲ್ಲಿ ಸುತ್ತುವ ಎಲೆಕ್ಟ್ರಾನ್ ಮೇಲ್ಮೈಯಿಂದ 10 ನ್ಯಾನೊಮೀಟರಿಗೂ ಆಚೆ ನೆಲೆಸಬಹುದು. ನಳಿಕೆಯ ಅಡ್ಡಗಲವೋ ಸುಮಾರು 1.4 ನ್ಯಾನೊಮೀಟರ್! ನಳಿಕೆಯನ್ನು ಪೆನ್ಸಿಲ್ಲಿನಷ್ಟು ದಪ್ಪ ಮಾಡಿದರೆ ಎಲೆಕ್ಟ್ರಾನ್ ಐದು ಸೆಂಟಿಮೀಟರ್ ಆಚೆ, ಖಾಲಿ ಜಾಗದಲ್ಲಿ ತೇಲುತ್ತಿರುತ್ತದೆ. ನನಗೆ ಇದು ಈಗಲೂ ಬೆರಗು ಹುಟ್ಟಿಸುತ್ತದೆ.

ಇಂಥ ದೂರದ ಸ್ಥಿತಿಗಳನ್ನು 2002ರಲ್ಲಿ ಲೆಕ್ಕ ಹಾಕಿ ಊಹಿಸಿದರು. 2004ರಲ್ಲಿ, ಹಲವು ಪದರಗಳ ನಳಿಕೆಗಳ ಮೇಲೆ ಲೇಸರ್ ಮಿಂಚು ಹಾಯಿಸಿ, ನಿಧಾನ ಸುತ್ತುವ, ಮೇಲ್ಮೈಗೆ ಹತ್ತಿರದ ಬಿಂಬ ಸ್ಥಿತಿಗಳನ್ನು ಪ್ರಯೋಗದಲ್ಲಿ ಕಂಡರು.